ಅರವತ್ತು ದಾಟಿದ ಗಂಡಸರ ತೂಕ: ತಪ್ಪು ಕಲ್ಪನೆ ಮತ್ತು ವಾಸ್ತವ

ಬಿಎಂಐ 25ರೊಳಗಿದ್ದರೆ ಚಿಂತೆಯಿಲ್ಲ ಎಂಬುದು ನಾವೆಲ್ಲ ನಂಬಿಕೊಂಡು ಬಂದ ಮಾತು.

ವಾಸ್ತವ: ತೂಕದ ಕಿಲೋವನ್ನು ಎತ್ತರದ ಮೀಟರಿನಿಂದ ಎರಡು ಸಲ ಭಾಗಿಸಿದರೆ ಬರುವುದೇ ಬಿಎಂಐ. ಕೊಬ್ಬೆಷ್ಟು, ಸ್ನಾಯುವೆಷ್ಟು ಎಂದು ಅದು ಹೇಳುವುದಿಲ್ಲ. ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಬ್ರಿಟನ್ನಿನ ವೈದ್ಯ ಯುಡ್ಕಿನ್ 2004ರಲ್ಲಿ ತಮ್ಮದೇ ಅಳತೆಗಳನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಬ್ಬರ ಬಿಎಂಐಯೂ 22.3. ಮೈಯ ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2! ಭಾರತೀಯರಿಗೆ 23ರಿಂದಲೇ ಅಧಿಕ ತೂಕವೆಂದು ವೈದ್ಯರು ಗೆರೆ ಎಳೆದಿರುವುದು ಸುಮ್ಮನೆ ಅಲ್ಲ.

ಪ್ಯಾಂಟಿನ ಸೈಜು ಬದಲಾಗಿಲ್ಲವೆಂದರೆ ಹೊಟ್ಟೆ ಬಂದಿಲ್ಲ ಎಂದು ಲೆಕ್ಕ.

ವಾಸ್ತವ: ಬೆಲ್ಟು ಹೊಟ್ಟೆಯ ಕೆಳಗೆ ಜಾರಿರುತ್ತದೆ, ಅಷ್ಟೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಹಿಡಿದು, ಉಸಿರು ಬಿಟ್ಟು ಅಳೆಯಬೇಕು. ಗಂಡಸರಿಗೆ 90 ಸೆಂಟಿಮೀಟರ್ ಮಿತಿ.

ವಯಸ್ಸಾದ ಮೇಲೆ ಸಣ್ಣಗಾಗುವುದು ಸಹಜ, ಒಳ್ಳೆಯದೂ ಹೌದು ಎನ್ನುವವರಿದ್ದಾರೆ. ಯಾರದೋ ದೃಷ್ಟಿ ತಾಗಿದೆ ಎನ್ನುವವರೂ ಇದ್ದಾರೆ.

ವಾಸ್ತವ: ದೃಷ್ಟಿಯ ಮಾತಾಡುವವರು ಬದಲಾವಣೆಯನ್ನು ಗಮನಿಸಿಯಾದರೂ ಇರುತ್ತಾರೆ, ಸಹಜ ಎನ್ನುವವರು ಅದನ್ನೂ ಬಿಡುತ್ತಾರೆ. ಪ್ರಯತ್ನಪಡದೆ ಆರು ತಿಂಗಳಿಂದ ಒಂದು ವರ್ಷದೊಳಗೆ ತೂಕ ಶೇ 5ರಷ್ಟು, ಅಂದರೆ 60 ಕಿಲೋದವರು 3 ಕಿಲೋ ಇಳಿದರೆ ಕಾರಣ ಹುಡುಕಲೇಬೇಕು. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಥೈರಾಯ್ಡ್, ಕ್ಷಯ, ಕ್ಯಾನ್ಸರ್, ಖಿನ್ನತೆ ಇರಬಹುದು. ಸಡಿಲವಾದ ಹಲ್ಲುಸೆಟ್ಟಿನಿಂದ ಅಗಿಯಲಾಗದೆ ಊಟವೇ ಕಡಿಮೆಯಾಗಿರಬಹುದು. ದೃಷ್ಟಿ ತೆಗೆಯುವವರು ತೆಗೆಯಲಿ, ಆದರೆ ರಕ್ತಪರೀಕ್ಷೆ ಅದೇ ವಾರ ಆಗಲಿ.

ರಾತ್ರಿಯೂಟ ಬಿಟ್ಟು ತೂಕ ಇಳಿಸಿದಷ್ಟೂ ಆಯುಸ್ಸು ಹೆಚ್ಚು ಎಂಬ ನಂಬಿಕೆಯೂ ಬಲವಾಗಿದೆ.

ವಾಸ್ತವ: 65 ದಾಟಿದವರ ಮೇಲೆ, ಹೆಚ್ಚಾಗಿ ಪಾಶ್ಚಾತ್ಯ ದೇಶಗಳಲ್ಲಿ ನಡೆದ ಅಧ್ಯಯನಗಳಲ್ಲಿ ಬಿಎಂಐ 23ಕ್ಕಿಂತ ಕೆಳಗಿಳಿದವರಲ್ಲಿ ಸಾವಿನ ಅಪಾಯ ಹೆಚ್ಚಿತ್ತು, ತುಸು ದಪ್ಪಗಿದ್ದವರಲ್ಲಿ ಹೆಚ್ಚಿರಲಿಲ್ಲ. ನಡುವಯಸ್ಸಿನ ಗೆರೆಯನ್ನು ಮುಪ್ಪಿಗೂ ಹಾಗೆಯೇ ಎಳೆಯಲಾಗದು. ವ್ಯಾಯಾಮವಿಲ್ಲದೆ ಊಟ ಬಿಟ್ಟರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಮುಪ್ಪಿನಲ್ಲಿ ಕಳೆದುಕೊಂಡ ಸ್ನಾಯುವನ್ನು ಮತ್ತೆ ಬೆಳೆಸುವುದು ಕಷ್ಟ. ಬಚ್ಚಲಲ್ಲಿ ಜಾರಿದಾಗ ಮೈ ಹಿಡಿದು ನಿಲ್ಲಿಸುವುದು ಅದೇ. ಮೂತ್ರಪಿಂಡದ ತೊಂದರೆಯಿಲ್ಲದವರಿಗೆ ದಿನಕ್ಕೆ ತೂಕದ ಪ್ರತಿ ಕಿಲೋಗೆ ಒಂದು ಗ್ರಾಮಿನಷ್ಟಾದರೂ ಪ್ರೊಟೀನು ಬೇಕು. ಬರೀ ಗಂಜಿಯಲ್ಲಿ ಅಷ್ಟು ಸಿಗದು. ಬೇಳೆ, ಹೆಸರುಕಾಳು, ಮೊಸರು, ಮೊಟ್ಟೆ ತಟ್ಟೆಗೆ ಬರಬೇಕು.

ಸ್ನಾಯುಬಲ ನೋಡಲು ತಕ್ಕಡಿ ಬೇಡ. ಕೈಗಳನ್ನು ಎದೆಗೆ ಕಟ್ಟಿ, ಕುರ್ಚಿಯಿಂದ ಐದು ಸಲ ಎದ್ದು ಕೂರಿ, ಪಕ್ಕದಲ್ಲೊಬ್ಬರು ಇರಲಿ. 12 ಸೆಕೆಂಡಿಗಿಂತ ಹೆಚ್ಚು ಹಿಡಿದರೆ, ಬಿಎಂಐ ಎಷ್ಟೇ ಇದ್ದರೂ, ವೈದ್ಯರಿಗೆ ತಿಳಿಸಿ.