ಎಲ್ಲ ಆಪರೇಶನ್ನೂ ಲೇಸರ್ ಅಲ್ಲ

ಸಾಸ್ತಾನದಿಂದ ಮಣಿಪಾಲಕ್ಕೆ ಹೋಗಿ ಪಿತ್ತಕೋಶದ ಕಲ್ಲಿಗೆ ಆಪರೇಶನ್ ಮಾಡಿಸಿ ಬಂದವರು ‘ಲೇಸರ್ ಮಾಡಿದ್ದು’ ಅಂತ ಹೇಳುವುದುಂಟು. ಸಾಮಾನ್ಯವಾಗಿ ಅದು ಲೇಸರ್ ಅಲ್ಲ, ಲ್ಯಾಪ್ರೋಸ್ಕೋಪಿ. ಹೊಟ್ಟೆಗೆ ಮೂರ್ನಾಲ್ಕು ಸಣ್ಣ ತೂತು ಮಾಡಿ, ಕ್ಯಾಮೆರಾದಲ್ಲಿ ನೋಡುತ್ತಾ ಪಿತ್ತಕೋಶವನ್ನೇ ತೆಗೆಯುತ್ತಾರೆ.

ಲೇಸರ್ ಎಂದರೆ 1960ರಲ್ಲಿ ಕಂಡುಹಿಡಿದ ತೀಕ್ಷ್ಣ ಬೆಳಕು. ಅದರ ಬಿಸಿಯಿಂದ ಮೂಲವ್ಯಾಧಿಯ ಗಂಟನ್ನು ಕುಗ್ಗಿಸುತ್ತಾರೆ. ಕೊಯ್ದು ತೆಗೆಯುವುದಕ್ಕಿಂತ ನೋವು ಕಡಿಮೆ; ಆದರೆ ಎಲ್ಲರಿಗೂ ಹೊಂದುವುದಿಲ್ಲ, ಕಾಯಿಲೆ ಮರುಕಳಿಸಲೂಬಹುದು.

ನಮ್ಮ ಮನೆಗಳಲ್ಲಿ, ಅದರಲ್ಲೂ ಹೆಂಗಸರು, ಮಲದಲ್ಲಿ ರಕ್ತ ಕಂಡರೂ ನಾಚಿಕೆಯಿಂದ ಬಾಯಿ ಬಿಡುವುದಿಲ್ಲ. ಆ ರಕ್ತ ಮೂಲವ್ಯಾಧಿಯದ್ದೇ ಆಗಬೇಕೆಂದಿಲ್ಲ, ಕರುಳಿನ ಕ್ಯಾನ್ಸರ್‌ನದ್ದೂ ಇರಬಹುದು. ‘ಲೇಸರ್’ ಬೋರ್ಡ್ ನೋಡಿ ಓಡುವ ಮೊದಲು ಪರೀಕ್ಷೆ ಮಾಡಿಸೋಣ. ‘ಯಾವ ಆಪರೇಶನ್, ಯಾಕೆ ಡಾಕ್ಟ್ರೇ?’ ಅಂತ ಬಾಯಿಬಿಟ್ಟು ಕೇಳೋಣ.