ವಿಮರ್ಶಕರು ಕರೆದರು, ಇಂಗ್ರಿಡ್ ಬಂದಳು

ಸಿನಿಮಾ ಪ್ರಶಸ್ತಿ ಅಂದ ಕೂಡಲೇ ನಮ್ಮ ಕಣ್ಮುಂದೆ ಬರೋದು ಜರತಾರಿ ಸೀರೆ, ಹೂವಿನ ಹಾರ, ಕ್ಯಾಮೆರಾಗಳ ಮಿಂಚು. ಆದರೆ ಒಂದು ಪ್ರಶಸ್ತಿ, ಊರೆಲ್ಲ ಬಾಯಿಗೆ ಬಂದಂತೆ ಆಡಿಕೊಂಡಿದ್ದ ಹೆಣ್ಣೊಬ್ಬಳಿಗೆ ಮುಚ್ಚಿದಂತಿದ್ದ ಬಾಗಿಲನ್ನು ತೆರೆಯಿತು ಎಂದರೆ ನಂಬುತ್ತೀರಾ? ಆಕೆ ಇಂಗ್ರಿಡ್ ಬರ್ಗ್‌ಮನ್. ಕರೆದವರು ನ್ಯೂಯಾರ್ಕಿನ ಚಿತ್ರವಿಮರ್ಶಕರು.

ಅಲ್ಲಿನ ಪತ್ರಿಕೆಗಳಿಗೆ ಚಿತ್ರವಿಮರ್ಶೆ ಬರೆಯುವವರು 1935ರಲ್ಲಿ ಒಂದು ಕೂಟ ಕಟ್ಟಿಕೊಂಡರು. ಆಸ್ಕರ್ ಕೊಡುವವರು ಚಿತ್ರೋದ್ಯಮದವರೇ. ಅದು ಮನೆಯವರೇ ಮನೆಯ ಅಡುಗೆಗೆ ಅಂಕ ಕೊಟ್ಟ ಹಾಗೆ! ವಿಮರ್ಶಕರಾದರೋ ಪಂಕ್ತಿಯಲ್ಲಿ ಕೂತು ಉಂಡು ರುಚಿ ಹೇಳುವವರು. ಅವರು ಆರಿಸಿದ ಮೊದಲ ಶ್ರೇಷ್ಠ ನಟಿ 'ಅನ್ನಾ ಕರೆನಿನಾ'ದ ಗ್ರೇಟಾ ಗಾರ್ಬೊ. 1945ರಲ್ಲಿ ಆ ಗೌರವ ಗಾರ್ಬೊ ಹಾಗೆಯೇ ಸ್ವೀಡನ್ನಿನವಳಾದ ಇಂಗ್ರಿಡ್‌ಗೆ ಸಿಕ್ಕಿತು. ಆ ವರ್ಷ ಒಂದು ಚಿತ್ರದಲ್ಲಿ ಆಕೆ ಮನೋವೈದ್ಯೆ, ಇನ್ನೊಂದರಲ್ಲಿ ಕ್ರೈಸ್ತ ಸನ್ಯಾಸಿನಿ.

ಜನ ಆ ಸನ್ಯಾಸಿನಿಯನ್ನೇ ನಿಜವಾದ ಇಂಗ್ರಿಡ್ ಅಂದುಕೊಂಡುಬಿಟ್ಟರು. ಪೇಚಾಟ ಶುರುವಾದದ್ದು ಅಲ್ಲಿಂದಲೇ. 1949ರಲ್ಲಿ ಆಕೆ ಚಿತ್ರೀಕರಣಕ್ಕೆಂದು ಇಟಲಿಗೆ ಹೋದಳು. ಅಲ್ಲಿ ನಿರ್ದೇಶಕ ರೊಬೆರ್ಟೊ ರೊಸೆಲಿನಿಯಲ್ಲಿ ಮನಸ್ಸು ನಿಂತಿತು. ಅಮೆರಿಕದಲ್ಲಿ ಗಂಡ, ಹತ್ತು ವರ್ಷದ ಮಗಳು ಪಿಯಾ! 1950ರ ಫೆಬ್ರವರಿಯಲ್ಲಿ ರೊಸೆಲಿನಿಯ ಮಗ ಹುಟ್ಟಿದ, ಮದುವೆಯಾದದ್ದು ಆಮೇಲೆ. ಆ ಮಾರ್ಚಿಯಲ್ಲಿ ಸೆನೆಟರ್ ಎಡ್ವಿನ್ ಜಾನ್ಸನ್ ಅಮೆರಿಕದ ಸೆನೆಟ್ ಸಭೆಯಲ್ಲೇ ಎದ್ದು ನಿಂತು ಆಕೆಯನ್ನು ಹಳಿದ. ಒಬ್ಬ ಹೆಂಗಸಿನ ಸಂಸಾರ ದೇಶದ ಶಾಸನಸಭೆಗೆ ಚರ್ಚೆಯ ವಿಷಯ ಆಗಿಹೋಯಿತು ನೋಡಿ!

ಏಳು ವರ್ಷ ಆಕೆ ಅಮೆರಿಕಕ್ಕೆ ಕಾಲಿಡಲಿಲ್ಲ. 1956ರಲ್ಲಿ ಯೂರೋಪಿನಲ್ಲೇ 'ಅನಾಸ್ತೇಸಿಯಾ' ಚಿತ್ರ ತಯಾರಾಯಿತು. ತಾನು ಯಾರೆಂದೇ ಮರೆತ ಹೆಣ್ಣೊಬ್ಬಳು ರಷ್ಯದ ರಾಜಕುಮಾರಿ ಇರಬಹುದೇ ಅನ್ನೋದು ಕಥೆ. ಆ ಬೇಸಿಗೆಯಲ್ಲಿ ಎಡ್ ಸಲಿವನ್ ಎಂಬುವನು, ಇಂಗ್ರಿಡ್‌ಳನ್ನು ತನ್ನ ಟೆಲಿವಿಷನ್ ಕಾರ್ಯಕ್ರಮಕ್ಕೆ ಕರೆಯಲೋ ಬೇಡವೋ ಬರೆದು ತಿಳಿಸಿ ಅಂತ ವೀಕ್ಷಕರನ್ನೇ ಕೇಳಿದ. ಆಕೆಯ ನಟನೆಯ ಮೇಲಲ್ಲ, ನಡತೆಯ ಮೇಲೆ ವೋಟು!

ವಿಮರ್ಶಕರೂ ವೋಟು ಹಾಕಿದರು. ಆದರೆ ತೆರೆಯ ಮೇಲೆ ಕಂಡದ್ದಕ್ಕೆ. ವರ್ಷದ ಶ್ರೇಷ್ಠ ನಟಿ ಇಂಗ್ರಿಡ್ ಎಂದರು. ಆಗ ಪ್ಯಾರಿಸ್ಸಿನಲ್ಲಿ ನಾಟಕವಾಡುತ್ತಿದ್ದ ಆಕೆ 1957ರ ಜನವರಿಯಲ್ಲಿ ವಿಮಾನ ಹತ್ತಿ ಬಂದು, ಪ್ರಶಸ್ತಿ ಪಡೆದು ಹಿಂತಿರುಗಿದಳು. ಜನ ಪ್ರೀತಿಯಿಂದಲೇ ಬರಮಾಡಿಕೊಂಡರು. ಮಾರ್ಚಿಯಲ್ಲಿ ಆಸ್ಕರ್ ಕೂಡ ಬಂತು. ಅದನ್ನು ಆಕೆಯ ಪರವಾಗಿ ಸ್ವೀಕರಿಸಿದವನು ನಟ ಕ್ಯಾರಿ ಗ್ರ್ಯಾಂಟ್. ಸೆನೆಟ್ಟಿನ ಮಾತಿಗೆ ಪ್ರಾಯಶ್ಚಿತ್ತವಾದದ್ದು 1972ರಲ್ಲಿ, ಚಾರ್ಲ್ಸ್ ಪರ್ಸಿ ಎಂಬ ಇನ್ನೊಬ್ಬ ಸೆನೆಟರ್ ಕ್ಷಮೆ ಕೇಳಿದಾಗ.

ಹಾಗಂತ ಎಲ್ಲ ಸುಖಾಂತ ಅನ್ನೋ ಹಾಗಿಲ್ಲ. ಆ ಜನವರಿಯಲ್ಲಿ ತಾಯಿ ಮಗಳನ್ನು ನೋಡದೆ ಹೊರಟುಹೋದಳು. ಭೇಟಿಯಾದದ್ದು ಅದೇ ವರ್ಷ ಪ್ಯಾರಿಸ್ಸಿನಲ್ಲಿ. ಇತ್ತ ರೊಸೆಲಿನಿ ಚಿತ್ರ ತೆಗೆಯಲು ನಮ್ಮ ಭಾರತಕ್ಕೆ ಬಂದಿದ್ದ. ಆ ಸಂಸಾರವೂ 1957ರಲ್ಲೇ ಮುರಿಯಿತು. ಪ್ರಶಸ್ತಿ ಮನೆಯ ಗೋಡೆಗೆ ಶೋಭೆ ಕೊಟ್ಟೀತು, ಮನೆ ಕಟ್ಟಿಕೊಟ್ಟೀತೆ?

1978ರಲ್ಲಿ ಅದೇ ವಿಮರ್ಶಕರು ಮೂರನೇ ಸಲ ಆಕೆಯನ್ನು ಆರಿಸಿದರು. ಚಿತ್ರ 'ಆಟಮ್ ಸೊನಾಟಾ'. ಪಾತ್ರ ಯಾವುದು ಗೊತ್ತೆ? ಕಛೇರಿ, ಕೀರ್ತಿ ಎಂದು ಊರೂರು ತಿರುಗಿ, ಹೆತ್ತ ಮಗಳನ್ನು ದೂರಮಾಡಿಕೊಂಡ ಪಿಯಾನೋ ವಾದಕಿ. ಮಗಳು ಒಂದೊಂದಾಗಿ ಲೆಕ್ಕ ಕೇಳುವಾಗ ಆ ತಾಯಿಯ ಮುಖ ನೋಡಬೇಕು! ಆ ಹೊತ್ತಿಗೆ ಇಂಗ್ರಿಡ್‌ಗೆ ಸ್ತನ ಕ್ಯಾನ್ಸರ್ ಇತ್ತು. 1982ರ ಆಗಸ್ಟ್ 29ರಂದು, ತನ್ನ 67ನೇ ಹುಟ್ಟುಹಬ್ಬದ ದಿನವೇ, ಆಕೆ ತೀರಿಕೊಂಡಳು.

ಮಗಳ ನೋವಿಗೆ ತಾಯಿ ಉತ್ತರ ಕೊಡಬೇಕು, ನಿಜ. ಆದರೆ ಆ ಲೆಕ್ಕ ತಾಯಿ-ಮಗಳದ್ದು, ಊರಿನದ್ದಲ್ಲ. ನಮ್ಮ ಬೀದಿಯಲ್ಲೂ ಚೆನ್ನಾಗಿ ಹಾಡುವ, ಹೊಲಿಯುವ, ಪಾಠ ಹೇಳುವ ಹೆಣ್ಣಿನ ಸುದ್ದಿ ಬಂದಾಗ ನಾವು ಮೊದಲು ಕೇಳೋದು ಅವಳ ಕೆಲಸದ ಬಗ್ಗೆಯೋ, ಅವಳ ಮನೆ ಬಗ್ಗೆಯೋ? ಸ್ವಲ್ಪ ಯೋಚಿಸಿ.