ಜನರಿಲ್ಲದ ರಾಜಧಾನಿ

ರಾಜಧಾನಿ ಯಾವುದೆಂದು ಕೇಳಿದರೆ ಮಕ್ಕಳು ಥಟ್ಟನೆ ಹೇಳುತ್ತಾರೆ. ಅಲ್ಲಿನ ಜನಸಂಖ್ಯೆ ಎಷ್ಟೆಂದರೆ ತಡವರಿಸುತ್ತಾರೆ. ಮಾಂಟ್ಸೆರಾಟ್ ದ್ವೀಪದ ಮಟ್ಟಿಗೆ ಎರಡನೆಯ ಪ್ರಶ್ನೆಯೇ ಸುಲಭ. ಉತ್ತರ: ಸೊನ್ನೆ! ಕಾಗದದ ಮೇಲೆ ಇಂದಿಗೂ ರಾಜಧಾನಿಯಾಗಿರುವ ಪ್ಲಿಮತ್ ಪಟ್ಟಣ ಜ್ವಾಲಾಮುಖಿಯ ಬೂದಿ, ಕೆಸರಿನಡಿ ಹೂತುಹೋಗಿದೆ.

ಭೂಪಟದಲ್ಲಿ ಕೆರಿಬಿಯನ್ ಸಮುದ್ರದ ಪೂರ್ವದ ಅಂಚು ನೋಡಿ. ಬಿಲ್ಲಿನಂತೆ ಬಾಗಿದ ದ್ವೀಪಸಾಲಿನಲ್ಲಿ ಆಂಟಿಗ್ವಾದ ನೈರುತ್ಯಕ್ಕಿರುವ ಚುಕ್ಕೆಯೇ ಇದು. ಉದ್ದ ಸುಮಾರು 16 ಕಿ.ಮೀ., ಅಗಲ 11 ಕಿ.ಮೀ. 1632ರಲ್ಲಿ ಐರಿಷ್ ವಲಸಿಗರು ಇಲ್ಲಿಗೆ ಬಂದರು. ಕಬ್ಬಿನ ತೋಟಗಳಿಗಾಗಿ ಆಫ್ರಿಕಾದಿಂದ ಗುಲಾಮರನ್ನು ತರಲಾಯಿತು. ಇಂದಿನ ನಿವಾಸಿಗಳಲ್ಲಿ ಹೆಚ್ಚಿನವರು ಆ ಗುಲಾಮರ ವಂಶದವರು. ಇದು ಬ್ರಿಟನ್ನಿನ ಸಾಗರೋತ್ತರ ಪ್ರಾಂತ್ಯ. ಒಂಬತ್ತು ಮಂದಿ ಚುನಾಯಿತ ಸದಸ್ಯರ ಶಾಸನಸಭೆ, ಪ್ರೀಮಿಯರ್ ಎಲ್ಲ ಉಂಟು. ರಕ್ಷಣೆ, ವಿದೇಶಾಂಗ ವ್ಯವಹಾರ ಮಾತ್ರ ಬ್ರಿಟನ್ ಕಳಿಸುವ ಗವರ್ನರರ ಕೈಯಲ್ಲಿ.

ದ್ವೀಪದ ದಕ್ಷಿಣದಲ್ಲಿರುವುದು ಸೂಫ್ರಿಯೇರ್ ಬೆಟ್ಟ. ಈ ಹೆಸರಿನ ಮೂಲ ಗಂಧಕಕ್ಕಿರುವ ಫ್ರೆಂಚ್ ಪದ. ಹೆಸರೇ ಎಚ್ಚರಿಕೆ ಕೊಟ್ಟಿತ್ತೆನ್ನಿ! ಇಲ್ಲಿ ಅಟ್ಲಾಂಟಿಕ್ ತಳದ ಭೂಫಲಕ ಕೆರಿಬಿಯನ್ ಫಲಕದಡಿ ನುಗ್ಗುತ್ತದೆ. ಜೊತೆಗೆ ನೀರನ್ನೂ ಒಯ್ಯುತ್ತದೆ. ಉಪ್ಪು ಬಿದ್ದರೆ ಮಂಜುಗಡ್ಡೆ ಬೇಗ ಕರಗುವುದಿಲ್ಲವೇ? ಹಾಗೆಯೇ ನೀರು ಸೇರಿದ ಬಂಡೆ ಕಡಿಮೆ ಉಷ್ಣತೆಯಲ್ಲೇ ಕರಗಿ ಶಿಲಾರಸವಾಗುತ್ತದೆ.

1995ರ ಜುಲೈ 18ರಂದು ಬೆಟ್ಟ ಎಚ್ಚೆತ್ತಿತು. ಇಲ್ಲಿನ ಲಾವಾ ಹೊಳೆಯಂತೆ ಹರಿಯುವಂಥದ್ದಲ್ಲ, ರಾಗಿಮುದ್ದೆಯಂತೆ ಗಟ್ಟಿ. ಬಾಯಲ್ಲೇ ಗುಮ್ಮಟವಾಗಿ ಬೆಳೆಯುತ್ತದೆ. ಅದು ಕುಸಿದರೆ ನೂರಾರು ಡಿಗ್ರಿ ಬಿಸಿಯ ಅನಿಲ, ಬೂದಿ, ಕಲ್ಲು ಒಟ್ಟಾಗಿ ಗಂಟೆಗೆ ನೂರು ಕಿ.ಮೀ. ಮೀರಿದ ವೇಗದಲ್ಲಿ ಇಳಿಜಾರಿಗೆ ನುಗ್ಗುತ್ತವೆ. ಓಡಿ ತಪ್ಪಿಸಿಕೊಳ್ಳುವ ಮಾತೇ ಇಲ್ಲ. 1997ರ ಜೂನ್ 25ರಂದು ಹೀಗೆ 19 ಮಂದಿ ಸತ್ತರು. ನಿಷೇಧಿತ ಪ್ರದೇಶವೆಂದು ತಿಳಿದೂ ಬೆಳೆ ನೋಡಿಕೊಳ್ಳಲು ಹೋದ ರೈತರು ಅವರಲ್ಲಿದ್ದರು. ಅವರನ್ನು ಅವಿವೇಕಿಗಳೆನ್ನಲು ನನಗೆ ಮನಸ್ಸಾಗದು. ಹೊಲ ಇದ್ದದ್ದೇ ಅಲ್ಲಿ.

ಪ್ಲಿಮತ್ ಅಷ್ಟರಲ್ಲಿ ಖಾಲಿಯಾಗಿತ್ತು. 1996ರ ಏಪ್ರಿಲ್‌ನಲ್ಲಿ ಎಲ್ಲರನ್ನೂ ಹೊರಡಿಸಿದ್ದರಿಂದ 1997ರ ಆಗಸ್ಟ್‌ನಲ್ಲಿ ಊರು ಸುಟ್ಟಾಗ ಅಲ್ಲಿ ಪ್ರಾಣಹಾನಿಯಾಗಲಿಲ್ಲ. ಆದರೆ ಆಸ್ಪತ್ರೆ, ಬಂದರು, ಅಂಗಡಿಸಾಲು ಎಲ್ಲ ಹೋದವು. ಹನ್ನೊಂದು ಸಾವಿರಕ್ಕೂ ಮೀರಿದ್ದ ಜನರಲ್ಲಿ ಮೂರನೇ ಎರಡು ಪಾಲು ದ್ವೀಪವನ್ನೇ ಬಿಟ್ಟರು. ಈಗ ಇರುವವರು ಐದು ಸಾವಿರಕ್ಕೂ ಕಡಿಮೆ. ಸರ್ಕಾರ ಉತ್ತರದ ಬ್ರೇಡ್ಸ್‌ನಿಂದ ನಡೆಯುತ್ತದೆ. ಖರ್ಚಿನ ಅರ್ಧಕ್ಕಿಂತ ಹೆಚ್ಚು ಬ್ರಿಟನ್ನಿನ ನೆರವು. ಸ್ವಂತ ಸರ್ಕಾರವಿದ್ದರೂ ಸ್ವಂತ ಗಳಿಕೆ ಸಾಲದು.

2010ರ ನಂತರ ಹೊಸ ಲಾವಾ ಮೇಲೆ ಬಂದಿಲ್ಲ. ಆದರೂ ವೀಕ್ಷಣಾಲಯದ ಕಂಪನಮಾಪಕಗಳು ಹಗಲಿರುಳು ಬೆಟ್ಟದ ಮಿಡಿತ ದಾಖಲಿಸುತ್ತಿವೆ, ದಕ್ಷಿಣಾರ್ಧಕ್ಕೆ ಹೋಗಲು ನಿರ್ಬಂಧವಿದೆ. ಜ್ವಾಲಾಮುಖಿ ಸುರಿದ ಮರಳು ಮಾತ್ರ ದ್ವೀಪದ ರಫ್ತಿನ ಸರಕಾಗಿದೆ. ನೆರೆಯ ದ್ವೀಪಗಳಲ್ಲಿ ಅದರಿಂದ ಮನೆ ಕಟ್ಟುತ್ತಾರೆ. ಆ ಮರಳನ್ನು ಹಡಗಿಗೆ ತುಂಬಿದ್ದು ಪ್ಲಿಮತ್‌ನ ಹಳೆಯ ಹಡಗುಕಟ್ಟೆಯಲ್ಲೇ.